ತೆರಿಗೆ ರಸೀದಿಯ ಆರು ಪೈಸೆ: ಮಂಗಳೂರಿಗೆ ಎಂಥ ಲೈಬ್ರರಿ ಬೇಕು?

ಆಸ್ತಿ ತೆರಿಗೆ ಕಟ್ಟಿದ ರಸೀದಿ ಮನೆಯಲ್ಲೋ ಅಂಗಡಿಯಲ್ಲೋ ಇದ್ದರೆ ಒಮ್ಮೆ ತೆಗೆದು ನೋಡಿ. ಮೂಲ ತೆರಿಗೆಯ ಕೆಳಗೆ ನಾಲ್ಕಾರು ಕರಗಳ ಪಟ್ಟಿ ಉಂಟು. ಅದರಲ್ಲಿ ಒಂದು ಗ್ರಂಥಾಲಯ ಕರ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ವರ್ಷಕ್ಕೆ 10,000 ರೂಪಾಯಿ ತೆರಿಗೆ ಬರುವ ಅಂಗಡಿ ಕಟ್ಟಡವಾದರೆ 600 ರೂಪಾಯಿ ಲೈಬ್ರರಿಯ ಹೆಸರಿನಲ್ಲೇ ಹೋಗ್ತದೆ. ಬಾಡಿಗೆ ಅಂಗಡಿಯವರು "ನಮಗೇನು, ಕಟ್ಟುವುದು ಓನರ್ ಅಲ್ವಾ" ಅಂತ ಹೇಳಬಹುದು. ಆದರೆ ಬಾಡಿಗೆ ಲೆಕ್ಕ ಹಾಕುವಾಗ ಓನರ್ ಅದನ್ನು ಬಿಟ್ಟಿರುವುದಿಲ್ಲ.

ಕಸ ಎತ್ತದಿದ್ದರೆ ನಾವು ಕಾರ್ಪೊರೇಟರ್‌ಗೆ ಫೋನ್ ಮಾಡ್ತೇವೆ. ಎರಡು ದಿನ ನೀರು ಬಾರದಿದ್ದರೆ ಪಾಲಿಕೆಗೆ ಹೋಗಿ ಗಲಾಟೆ ಮಾಡ್ತೇವೆ. ಲೈಬ್ರರಿಯ ಹಣ ಎಲ್ಲಿಗೆ ಹೋಯ್ತು, ಅದಕ್ಕೆ ಬದಲಾಗಿ ಏನು ಸಿಕ್ಕಿತು ಅಂತ ಕೇಳಿದವರು ಬಹಳ ಕಡಿಮೆ. ಪುಸ್ತಕ ಓದುವವರ ವಿಷಯ, ನಮಗೆ ಸಂಬಂಧ ಇಲ್ಲ ಅನ್ನುವುದು ಒಂದು ಕಾರಣ. ಲೈಬ್ರರಿ ಅಂದ ಕೂಡಲೇ ಕಣ್ಣಿಗೆ ಬರುವ ಚಿತ್ರ ಇನ್ನೊಂದು ಕಾರಣ: ಧೂಳು ಹಿಡಿದ ಕಪಾಟು, ತಿರುಗದ ಫ್ಯಾನು, ಪೇಪರ್ ಓದುತ್ತಾ ಕೂತ ನಾಲ್ಕು ಮಂದಿ ಹಿರಿಯರು.

ಬೇರೆ ನಗರಗಳಲ್ಲಿ ಈ ಚಿತ್ರ ಬದಲಾಗಿ ಬಹಳ ವರ್ಷ ಆಯಿತು. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಬದಲಾಗ್ತಾ ಉಂಟು. ಹಾಗಾದರೆ ಮಂಗಳೂರು ನಗರ ಎಲ್ಲಿ ನಿಂತಿದೆ, ಮುಂದೆ ಏನು ಬೇಕು ಎನ್ನುವುದು ಈಗ ಮಾತಾಡಬೇಕಾದ ವಿಷಯ.

ಹೊರಗೆ ಆದದ್ದೇನು?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ 'ಊದಿ' ಎಂಬ ಲೈಬ್ರರಿ ಶುರುವಾಯಿತು. ಅದು ಇರುವುದು ಅಲ್ಲಿನ ಸಂಸತ್ ಭವನದ ಎದುರು. ಮೂರು ಮಹಡಿ. ಪುಸ್ತಕಗಳು ಇರುವುದು ಮೇಲಿನ ಮಹಡಿಯಲ್ಲಿ ಮಾತ್ರ. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ಹಾಡು ರೆಕಾರ್ಡ್ ಮಾಡುವ ಕೋಣೆ. ಕೆಳಗೆ ಸಭೆ, ಕಾರ್ಯಕ್ರಮಕ್ಕೆ ಜಾಗ ಮತ್ತು ಕೆಫೆ. ಮನೆಯಲ್ಲಿ ಹೊಲಿಗೆ ಯಂತ್ರ ಇಲ್ಲದವರು ಲೈಬ್ರರಿಗೆ ಬಂದು ಬಟ್ಟೆ ಹೊಲಿದುಕೊಂಡು ಹೋಗಬಹುದು.

ಸಿಂಗಪುರದವರು ಇನ್ನೊಂದು ದಾರಿ ಹಿಡಿದರು. ಜನ ಎಲ್ಲಿಗೆ ಹೋಗ್ತಾರೋ ಲೈಬ್ರರಿ ಅಲ್ಲಿಗೇ ಹೋಗಲಿ ಅಂತ 1999ರಲ್ಲೇ ಆರ್ಚರ್ಡ್ ರಸ್ತೆಯ ಶಾಪಿಂಗ್ ಮಾಲ್ ಒಳಗೆ ಗ್ರಂಥಾಲಯ ತೆರೆದರು. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಅನ್ನುವ ಬಡವರು, ವಲಸಿಗರು ಹೆಚ್ಚಿರುವ ಭಾಗದಲ್ಲಿ 2002ರಿಂದ 'ಐಡಿಯಾ ಸ್ಟೋರ್' ಎಂಬ ಹೆಸರಿನಲ್ಲಿ ಲೈಬ್ರರಿಗಳನ್ನು ಹೊಸದಾಗಿ ಕಟ್ಟಿದರು. ಒಂದೇ ಕಟ್ಟಡದಲ್ಲಿ ಪುಸ್ತಕವೂ ಉಂಟು, ದೊಡ್ಡವರಿಗೆ ತರಗತಿಗಳೂ ಉಂಟು. ಅವುಗಳಲ್ಲಿ ವೈಟ್‌ಚಾಪೆಲ್‌ನದ್ದು ಇರುವುದು ಬೀದಿ ಮಾರುಕಟ್ಟೆಗೆ ತಾಗಿಕೊಂಡು. ಸಂತೆಗೆ ಬಂದವರು ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಹೋಗಬಹುದು.

"ಅದೆಲ್ಲಾ ಫಾರಿನ್, ನಮಗೆ ಆಗುವುದಿಲ್ಲ" ಅನ್ನುವವರಿಗೆ ಚೆನ್ನೈ ಉಂಟು. ಕೊಟ್ಟೂರುಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಲ್ಲಿ ಆರಂಭವಾಯಿತು. ಮಕ್ಕಳಿಗೆ ಬೇರೆ ವಿಭಾಗ, ಕಣ್ಣು ಕಾಣದವರಿಗೆ ಬ್ರೈಲ್ ವಿಭಾಗ, ಮತ್ತೆ ನಮ್ಮವರಿಗೆ ಮುಖ್ಯವಾದದ್ದು, ಸ್ವಂತ ಪುಸ್ತಕ ತಂದು ಓದುವವರಿಗೆ ಬೇರೆಯೇ ಹಾಲ್. ಪರೀಕ್ಷೆಗೆ ಓದುವ ಹುಡುಗರು ಅಲ್ಲಿ ಕೂರ್ತಾರೆ, ಗ್ರಂಥಾಲಯದ ಪುಸ್ತಕ ಓದುವವರ ಕುರ್ಚಿ ಖಾಲಿ ಇರ್ತದೆ. 2011ರಲ್ಲಿ ಸರಕಾರ ಬದಲಾದಾಗ ಆ ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುವುದಾಗಿ ಘೋಷಣೆಯಾಯಿತು. ಜನ ಕೋರ್ಟಿಗೆ ಹೋದರು, ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು, ಲೈಬ್ರರಿ ಉಳಿಯಿತು. 2023ರ ಜುಲೈಯಲ್ಲಿ ಮದುರೈಯಲ್ಲೂ ಅಂಥದ್ದೇ ದೊಡ್ಡ ಗ್ರಂಥಾಲಯ ಆಯಿತು. ರಾಜಧಾನಿಯ ಹೊರಗಿನ ಊರಿಗೂ ಇದು ಬೇಕು ಅಂತ ತಮಿಳುನಾಡಿನವರಿಗೆ ಅನಿಸಿತು.

ಈ ಎಲ್ಲಾ ಕಡೆ ಬದಲಾದದ್ದು ಕಟ್ಟಡದ ಅಂದ ಮಾತ್ರ ಅಲ್ಲ. ಲೈಬ್ರರಿ ಎಲ್ಲಿ ಇರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಒಳಗೆ ಯಾರು ಯಾವ ಕೆಲಸಕ್ಕೆ ಬರಬಹುದು ಎಂಬ ಮೂರು ಪ್ರಶ್ನೆಗಳನ್ನು ಅವರು ಮತ್ತೆ ಕೇಳಿಕೊಂಡರು. ದುಡ್ಡು ಖರ್ಚಾದದ್ದು ಅದರ ನಂತರ.

ಈ ಪಾಠ ಹೇಳಿದವರು ನಮ್ಮೂರಲ್ಲೇ ಪಾಠ ಮಾಡಿದ್ದರು

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಕೆಲಸಕ್ಕೆ ಸೇರಿದ್ದು ಮಂಗಳೂರಿನಲ್ಲಿ. 1917ರಲ್ಲಿ ಇಲ್ಲಿನ ಸರಕಾರಿ ಕಾಲೇಜಿನಲ್ಲಿ ಅವರು ಗಣಿತದ ಮೇಷ್ಟ್ರು. ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜೇ ಆ ಕಾಲೇಜು. ನಂತರ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳ ಬಗ್ಗೆ ಪುಸ್ತಕ ಬರೆದರು. ಜಗತ್ತಿನ ಲೈಬ್ರರಿಯನ್ನರು ಇವತ್ತಿಗೂ ಓದುವ ಪುಸ್ತಕ ಅದು. ಅವರ ಹುಟ್ಟುಹಬ್ಬ ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸ್ತಾರೆ.

ಮೊದಲ ಸೂತ್ರ ವಿವರಿಸುವಾಗಲೇ ರಂಗನಾಥನ್ ಎತ್ತಿಕೊಂಡದ್ದು ಲೈಬ್ರರಿಯ ಜಾಗ, ತೆರೆದಿರುವ ಹೊತ್ತು, ಕುರ್ಚಿ ಮೇಜು, ಸಿಬ್ಬಂದಿ. ಪುಸ್ತಕ ಕಾಯುವುದು ಮುಖ್ಯವಲ್ಲ, ಜನರ ಕೈಗೆ ಹೋಗುವುದು ಮುಖ್ಯ ಅನ್ನುವುದು ಅವರ ವಾದ. ಹೆಲ್ಸಿಂಕಿ, ಸಿಂಗಪುರ ಈಗ ಮಾಡ್ತಾ ಇರುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಇನ್ನೂ ಒಂದು ವಿಷಯ. ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಅಂಥ ಕಾಯ್ದೆ ಬಂದದ್ದು 1965ರಲ್ಲಿ. ಅಂದರೆ ಲೈಬ್ರರಿಗೆ ಅಂತಲೇ ಕರ ಹಾಕುವ ಕಾನೂನು ಹಳೇ ಮೈಸೂರಿಗಿಂತ ಮೊದಲು ಕರಾವಳಿಗೆ ಬಂದಿತ್ತು.

ಬಾವುಟಗುಡ್ಡೆಯ ಏರು

ಮಂಗಳೂರಿನ ನಗರ ಕೇಂದ್ರ ಗ್ರಂಥಾಲಯ ಇರುವುದು ಬಾವುಟಗುಡ್ಡೆಯಲ್ಲಿ. ಜಾಗಕ್ಕೆ ಇತಿಹಾಸ ಉಂಟು. 1837ರ ಅಮರ ಸುಳ್ಯ ದಂಗೆಯಲ್ಲಿ ರೈತರು ಬಾವುಟ ಹಾರಿಸಿದ ಗುಡ್ಡೆ. ಹತ್ತಿರವೇ ಟಾಗೋರ್ ಪಾರ್ಕ್, ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆ. ವಿದ್ಯಾರ್ಥಿಗಳಿಗೆ ಒಳ್ಳೆಯ ಜಾಗ, ತಂಪು, ಮರ ಗಿಡ ಎಲ್ಲಾ ಉಂಟು.

ಆದರೆ ರಂಗನಾಥನ್ ಕೇಳುವ ಮೊದಲ ಪ್ರಶ್ನೆ ಇಲ್ಲಿ ಕೇಳಬೇಕು: ದಿನಾ ಸಾವಿರಾರು ಜನ ಓಡಾಡುವುದು ಎಲ್ಲಿ? ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಹಂಪನಕಟ್ಟೆ, ಸೆಂಟ್ರಲ್ ಮಾರ್ಕೆಟ್ ಸುತ್ತ. ಬಂಟ್ವಾಳ, ಮೂಡುಬಿದಿರೆ, ಮುಲ್ಕಿ, ಉಳ್ಳಾಲದ ಕಡೆಯಿಂದ ಬರುವವರು ಇಳಿಯುವುದೂ ಆ ಕಡೆಯೇ. ಮೊಣಕಾಲು ನೋವಿನ ಹಿರಿಯರಿಗೆ, ಮಗು ಎತ್ತಿಕೊಂಡ ತಾಯಿಗೆ, ಬಸ್ಸಿಗೆ ಇನ್ನು 40 ನಿಮಿಷ ಉಂಟು ಅಂತ ಕಾಯುವ ಕಾಲೇಜು ಹುಡುಗಿಗೆ ಗುಡ್ಡೆ ಹತ್ತಿ ಹೋಗುವುದು ಸುಲಭ ಇಲ್ಲ. ಅವರು ಕಾಯುವುದು ಅಂಗಡಿ ಜಗಲಿಯಲ್ಲಿ, ಇಲ್ಲವೇ ಮಾಲ್‌ನಲ್ಲಿ. ಮಾಲ್‌ನಲ್ಲಿ ಕೂತರೆ ಏನಾದರೂ ಕೊಳ್ಳಬೇಕು. ದುಡ್ಡು ಕೊಡದೆ ಎರಡು ಗಂಟೆ ನೆಮ್ಮದಿಯಾಗಿ ಕೂರಬಹುದಾದ ಜಾಗ ಪೇಟೆಯಲ್ಲಿ ಎಷ್ಟು ಉಂಟು ಅಂತ ಬೆರಳಲ್ಲಿ ಲೆಕ್ಕ ಹಾಕಿ ನೋಡಿ.

ಬಾವುಟಗುಡ್ಡೆಯ ಲೈಬ್ರರಿಯನ್ನು ಮುಚ್ಚಿ ಕೆಳಗೆ ತನ್ನಿ ಅಂತ ಯಾರೂ ಹೇಳುವುದಿಲ್ಲ. ಮೇಲಿನದ್ದು ದೊಡ್ಡ ಮನೆಯಾಗಿ ಇರಲಿ. ಪೇಟೆಯಲ್ಲಿ ಅದರ ಸಣ್ಣ ಅಂಗಡಿ ಒಂದು ಬೇಕು. ಬಸ್ ನಿಲ್ದಾಣದಲ್ಲೋ, ಪಾಲಿಕೆಯ ವಾಣಿಜ್ಯ ಸಂಕೀರ್ಣದಲ್ಲೋ ಎರಡು ಕೋಣೆ, ಪೇಪರ್, ಮಕ್ಕಳ ಪುಸ್ತಕ, ನಾಲ್ಕು ಕಂಪ್ಯೂಟರ್, ಶುದ್ಧ ನೀರು, ಶೌಚಾಲಯ. ಮೇಲಿನ ಗ್ರಂಥಾಲಯದ ಪುಸ್ತಕ ಬೇಕಾದರೆ ಇಲ್ಲಿ ಹೆಸರು ಬರೆಸಿ, ಮರುದಿನ ಇಲ್ಲೇ ತೆಗೆದುಕೊಳ್ಳಬಹುದು. ಸಿಂಗಪುರದ ಮಾಲ್ ಲೈಬ್ರರಿಯ ಹಿಂದೆ ಇರುವುದೂ ಇದೇ ಬುದ್ಧಿ.

ಎರಡನೇ ಪ್ರಶ್ನೆ ಹೊತ್ತಿನದ್ದು. ಮಂಗಳೂರು ವಿದ್ಯಾರ್ಥಿಗಳ ಊರು. ಸುರತ್ಕಲ್‌ನ ಎನ್‌ಐಟಿಕೆ, ಕೊಣಾಜೆಯ ವಿಶ್ವವಿದ್ಯಾನಿಲಯ, ಮೆಡಿಕಲ್ ಕಾಲೇಜುಗಳಲ್ಲಿ ಓದುವವರಿಗೆ ಅವರದ್ದೇ ಲೈಬ್ರರಿ ಉಂಟು. ಡಿಗ್ರಿ ಮುಗಿಸಿ ಬ್ಯಾಂಕ್, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವವರಿಗೆ ಯಾವ ಕಾಲೇಜಿನ ಕಾರ್ಡೂ ಇಲ್ಲ. ಧಾರವಾಡ, ಬೆಂಗಳೂರಿನ ವಿಜಯನಗರದ ಕಡೆ ಇಂಥವರಿಗೆ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಖಾಸಗಿ ರೀಡಿಂಗ್ ರೂಮುಗಳ ವ್ಯಾಪಾರವೇ ಬೆಳೆದಿದೆ. ಸರಕಾರಿ ಲೈಬ್ರರಿ ರಾತ್ರಿ ತನಕ ತೆರೆದಿದ್ದು, ಒಳ್ಳೆಯ ಬೆಳಕು, ಪ್ಲಗ್ ಪಾಯಿಂಟ್ ಇದ್ದರೆ ಆ ದುಡ್ಡು ಬಡವರ ಮಕ್ಕಳಿಗೆ ಉಳೀತದೆ. ಕೆಲಸ ಮಾಡಿಕೊಂಡು ಓದುವವರಿಗೆ ಅಂತೂ ಸಂಜೆ ಆರರ ನಂತರವೇ ಲೈಬ್ರರಿ ಬೇಕಾಗುವುದು. ಅಂಗಡಿಯಲ್ಲಿ ಸೇಲ್ಸ್‌ಗೆ ನಿಲ್ಲುವ ಹುಡುಗ ಹುಡುಗಿಯರೂ ಇದರಲ್ಲಿ ಬರ್ತಾರೆ.

ಹಳ್ಳಿ ಮುಂದೆ, ಪೇಟೆ ಹಿಂದೆ

ರಾಜ್ಯದಲ್ಲಿ ಗ್ರಂಥಾಲಯದ ಹೊಸ ಗಾಳಿ ಜೋರಾಗಿ ಬೀಸಿದ್ದು ದೊಡ್ಡ ನಗರಗಳಲ್ಲಿ ಅಲ್ಲ, ಗ್ರಾಮ ಪಂಚಾಯತ್‌ಗಳಲ್ಲಿ.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಮರುವರ್ಷ ಕೊರೊನಾ ಬಂದು ಶಾಲೆ ಮುಚ್ಚಿತು. 2020ರ ನವೆಂಬರ್ 14ರಂದು 'ಓದುವ ಬೆಳಕು' ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ನಂತರ ಇವುಗಳಿಗೆ 'ಅರಿವು ಕೇಂದ್ರ' ಅಂತ ಹೆಸರು ಬಂತು. ಗೋಡೆಗೆ ಬಣ್ಣ, ಮಕ್ಕಳಿಗೆ ಚಿತ್ರ ಪುಸ್ತಕ, ಚೆಸ್ ಬೋರ್ಡು, ಕಂಪ್ಯೂಟರು ಬಂದವು. ಎಲ್ಲಾ ಕಡೆ ಒಂದೇ ರೀತಿ ನಡೀತಾ ಇಲ್ಲ. ಪಂಚಾಯತ್ ಅಧ್ಯಕ್ಷರು, ಪಿಡಿಒ, ಲೈಬ್ರರಿ ಮೇಲ್ವಿಚಾರಕರು ಆಸಕ್ತಿ ಇಟ್ಟ ಕಡೆ ಚೆಂದ ಆಗಿದೆ, ಇಲ್ಲದ ಕಡೆ ಬೋರ್ಡು ಮಾತ್ರ ಹೊಸತು.

ಆದರೂ ಇದರಿಂದ ಒಂದು ಮಾತು ಖಚಿತವಾಯಿತು. ಕೋಟಿಗಟ್ಟಲೆ ದುಡ್ಡು ಇಲ್ಲದೆ, ಇದ್ದ ಸಣ್ಣ ಕಟ್ಟಡದಲ್ಲೇ ಲೈಬ್ರರಿಯನ್ನು ಮಕ್ಕಳ ಜಾಗ ಮಾಡಬಹುದು. ಕೆಲಸ ಆದದ್ದು ಯಾಕೆ? ಯಜಮಾನರು ಹತ್ತಿರ ಬಂದರು. ಬಲ್ಬು ಹೋದರೆ ಮೇಲಿನ ಕಚೇರಿಗೆ ಬರೆದು ಕಾಯಬೇಕಾಗಿಲ್ಲ, ಪಂಚಾಯತ್‌ನಲ್ಲೇ ಕೇಳಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಮಾಡಬಹುದು.

ನಗರದಲ್ಲಿ ಆ ಹತ್ತಿರದ ಸಂಬಂಧ ಇಲ್ಲ. ಕರ ವಸೂಲಿ ಮಾಡುವುದು ಪಾಲಿಕೆ, ಲೈಬ್ರರಿ ನಡೆಸುವುದು ಗ್ರಂಥಾಲಯ ಇಲಾಖೆ. ಪಾಲಿಕೆ ವಸೂಲಿ ಮಾಡಿದ ಕರವನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು ಅಂತ ಕಾನೂನು ಹೇಳ್ತದೆ. ಅದು ರಸ್ತೆ, ಚರಂಡಿಗೆ ಬಳಸುವ ಹಣ ಅಲ್ಲ. ಬೆಂಗಳೂರಿನಲ್ಲಿ ಪಾಲಿಕೆ ಕೊಡಬೇಕಾದ ಗ್ರಂಥಾಲಯ ಕರ ನೂರಾರು ಕೋಟಿ ಬಾಕಿ ಉಳಿದ ಸುದ್ದಿ ಎಷ್ಟೋ ಸಲ ಬಂದಿದೆ. ಹಣ ಬರದಿದ್ದರೆ ಹೊಸ ಪುಸ್ತಕ ಇಲ್ಲ, ಪ್ರಕಾಶಕರಿಗೆ ಪಾವತಿ ಇಲ್ಲ, ಖಾಲಿ ಹುದ್ದೆಗೆ ಜನ ಇಲ್ಲ. ಲೈಬ್ರರಿಗೆ ಹೋದವರು "ಹೊಸತು ಏನೂ ಇಲ್ಲ ಮಾರಾಯ್ರೆ" ಅಂತ ವಾಪಸ್ ಬರ್ತಾರೆ. ಆಮೇಲೆ "ಜನ ಬರುವುದೇ ಇಲ್ಲ" ಅಂತ ಕಡತದಲ್ಲಿ ಬರೀತಾರೆ.

ಗಡಿ ದಾಟಿದರೆ ಬೇರೆ ಲೆಕ್ಕ

ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳದ ಕಡೆ ಹೋದರೆ ಲೈಬ್ರರಿಯ ರೀತಿಯೇ ಬೇರೆ. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಅಲ್ಲಿಯ ಹೆಚ್ಚಿನ ಲೈಬ್ರರಿಗಳನ್ನು ನಡೆಸುವುದು ಊರಿನ ಸಮಿತಿ. ಸದಸ್ಯರೇ ಸಮಿತಿ ಆರಿಸ್ತಾರೆ. ರಾಜ್ಯ ಗ್ರಂಥಾಲಯ ಕೌನ್ಸಿಲ್ ಅವುಗಳ ಕೆಲಸ ನೋಡಿ ದರ್ಜೆ ಕೊಡ್ತದೆ, ದರ್ಜೆಯ ಪ್ರಕಾರ ಅನುದಾನ ಕೊಡ್ತದೆ. ಕಾಸರಗೋಡಿನ ಕನ್ನಡಿಗರಿಗೂ ಈ ಪದ್ಧತಿ ಹೊಸತಲ್ಲ.

ಅಲ್ಲಿಯೂ ರಾಜಕೀಯ ಇಲ್ಲ ಅಂತ ಅಲ್ಲ. ಆದರೆ ಲೈಬ್ರರಿ ಊರಿನದ್ದು ಎಂಬ ಭಾವನೆ ಉಂಟು. ನಮ್ಮ ತುಳುನಾಡಿನಲ್ಲಿ ಸಂಘಟನೆಗೆ ಬರ ಇಲ್ಲವಲ್ಲ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಯಕ್ಷಗಾನ ಸಂಘ, ಚರ್ಚಿನ ಸಭಾ, ಜಮಾತ್ ಎಲ್ಲಾ ಉಂಟು. ಊರಿನವರೇ ರಸೀದಿ ಪುಸ್ತಕ ಹಿಡಿದು ಹೊರಟರೆ ಶಾಮಿಯಾನ, ಊಟ, ಆರ್ಕೆಸ್ಟ್ರಾ ಎಲ್ಲಾ ಆಗ್ತದೆ. ಅದೇ ಜನ ತಮ್ಮ ವಾರ್ಡಿನ ಲೈಬ್ರರಿಗೆ ಒಂದು ಬಳಗ ಮಾಡಿಕೊಂಡರೆ ಇಲಾಖೆಗೂ ಕೈ ಸೇರ್ತದೆ. ವಾರಕ್ಕೊಮ್ಮೆ ಮಕ್ಕಳಿಗೆ ಕಥೆ ಹೇಳಲು ನಿವೃತ್ತ ಟೀಚರು ಬರಬಹುದು. ಆದಾಯ ತೆರಿಗೆ, ಜಿಎಸ್‌ಟಿ ಅರ್ಜಿ ತುಂಬುವುದು ಹೇಗೆ ಅಂತ ತಿಂಗಳಿಗೊಮ್ಮೆ ಲೆಕ್ಕಪರಿಶೋಧಕರು ಹೇಳಿಕೊಡಬಹುದು. ಸಣ್ಣ ಅಂಗಡಿಯವರಿಗೆ ಇದಕ್ಕಿಂತ ಉಪಕಾರದ ಲೈಬ್ರರಿ ಸೇವೆ ಯಾವುದು ಉಂಟು?

ಮಂಗಳೂರಿಗೆ ಇನ್ನೊಂದು ಅನುಕೂಲ ಉಂಟು. ತುಳು, ಕೊಂಕಣಿ, ಬ್ಯಾರಿ ಮೂರೂ ಸಾಹಿತ್ಯ ಅಕಾಡೆಮಿಗಳು ಇಲ್ಲೇ ಇವೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟದ್ದು ಇಲ್ಲಿಂದ, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಇಷ್ಟು ಭಾಷೆಗಳ ಊರಿನ ಕೇಂದ್ರ ಗ್ರಂಥಾಲಯದಲ್ಲಿ ಈ ಎಲ್ಲಾ ಭಾಷೆಯ ಪುಸ್ತಕ, ಯಕ್ಷಗಾನ ಪ್ರಸಂಗ, ಹಳೆ ಪತ್ರಿಕೆ, ಹಿರಿಯರ ಧ್ವನಿಮುದ್ರಣ ಒಂದೇ ಕಡೆ ಸಿಗುವ ವಿಭಾಗ ಇದ್ದರೆ ಬೇರೆ ಊರಿನವರೂ ಹುಡುಕಿಕೊಂಡು ಬರ್ತಾರೆ. ಇಂಥದ್ದು ಮಾಲ್‌ನಲ್ಲೂ ಸಿಗುವುದಿಲ್ಲ, ಮೊಬೈಲಿನಲ್ಲೂ ಪೂರ್ತಿ ಸಿಗುವುದಿಲ್ಲ.

"ಮೊಬೈಲ್ ಉಂಟಲ್ಲ" ಅನ್ನುವವರಿಗೆ

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರಾಜ್ಯ ಸರಕಾರವೇ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುಮಾಡಿತು. ಲಾಕ್‌ಡೌನ್ ಸಮಯದಲ್ಲಿ ಲಕ್ಷಾಂತರ ಮಂದಿ ಸದಸ್ಯರಾದರು. ಪಠ್ಯಪುಸ್ತಕ, ಪರೀಕ್ಷೆಯ ಪುಸ್ತಕ, ಕಥೆ ಕಾದಂಬರಿ ಮನೆಯಲ್ಲೇ ಓದಬಹುದು. ಒಳ್ಳೆಯ ಕೆಲಸ.

ಆದರೆ ಹೆಸರು ನೋಂದಾಯಿಸುವುದು ಬೇರೆ, ದಿನಾ ಓದುವುದು ಬೇರೆ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಹತ್ತಿರ ಇದ್ದರೆ ಮಗಳಿಗೆ ಡಿಜಿಟಲ್ ಲೈಬ್ರರಿ ಇದ್ದೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಟಿವಿ ಹಾಕಿದರೆ ಓದಲಿಕ್ಕೆ ಜಾಗ ಇಲ್ಲ. ಪುಸ್ತಕವನ್ನು ಮೊಬೈಲ್ ಕೊಡಬಹುದು, ಕುರ್ಚಿ, ಬೆಳಕು, ಮೌನ ಕೊಡಲಿಕ್ಕೆ ಆಗುವುದಿಲ್ಲ. ಸರಕಾರದ ಎಲ್ಲಾ ಅರ್ಜಿಗಳು ಆನ್‌ಲೈನ್ ಆದ ಮೇಲೆ, ಅದು ಬಾರದ ಹಿರಿಯರಿಗೆ ಪಕ್ಕದಲ್ಲಿ ಕೂತು ತೋರಿಸುವವರು ಮೊದಲಿಗಿಂತ ಹೆಚ್ಚು ಬೇಕಾಗಿದ್ದಾರೆ.

ಇನ್ನೊಂದು ಆಕ್ಷೇಪ ಹಳೆ ಓದುಗರದ್ದು. "ಪರೀಕ್ಷೆಯ ಮಕ್ಕಳೇ ಎಲ್ಲಾ ಕುರ್ಚಿ ಹಿಡೀತಾರೆ, ಕಾದಂಬರಿ ಓದುವವರು ಎಲ್ಲಿ ಕೂರುವುದು? ಕಥೆ, ಕ್ಲಾಸು, ಗಲಾಟೆ ಅಂತ ಆದರೆ ಅದು ಲೈಬ್ರರಿಯಾ?" ಈ ಅಸಮಾಧಾನ ಸರಿಯೇ. ಉತ್ತರ ಚೆನ್ನೈಯಲ್ಲಿ ಉಂಟು: ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕೋಣೆ. ಎಲ್ಲವನ್ನೂ ಒಂದೇ ಹಾಲ್‌ನಲ್ಲಿ ತುರುಕಿದರೆ ಯಾರಿಗೂ ಸುಖ ಇಲ್ಲ. ಒಂದು ಮಾತು ನೆನಪಿಡಬೇಕು, ಹೊಸತು ಮಾಡ್ತೇವೆ ಅಂತ ಕಟ್ಟಡಕ್ಕೆ ಗ್ಲಾಸು ಹಾಕಿ ಪುಸ್ತಕ ಖರೀದಿ ನಿಲ್ಲಿಸಿದರೆ ಅದು ಬರೀ ಎಸಿ ಹಾಲ್.

ಕೇಳಬೇಕಾದ ನಾಲ್ಕು ಪ್ರಶ್ನೆ

ನಗರದಲ್ಲಿ 60 ವಾರ್ಡ್ ಉಂಟು. ವಾರ್ಡ್ ಸಭೆಯಲ್ಲಿ, ವರ್ತಕರ ಸಂಘದ ಮೀಟಿಂಗಿನಲ್ಲಿ, ಶಾಸಕರು ಸಿಕ್ಕಿದಲ್ಲಿ ಈ ನಾಲ್ಕು ಪ್ರಶ್ನೆ ಕೇಳಬಹುದು.

ಒಂದು, ಕಳೆದ ಮೂರು ವರ್ಷದಲ್ಲಿ ಪಾಲಿಕೆ ಎಷ್ಟು ಗ್ರಂಥಾಲಯ ಕರ ವಸೂಲಿ ಮಾಡಿದೆ, ಅದರಲ್ಲಿ ಎಷ್ಟು ದಾಟಿಸಿದೆ?

ಎರಡು, ಬಂದ ಹಣದಲ್ಲಿ ಪುಸ್ತಕಕ್ಕೆ ಎಷ್ಟು, ಸಂಬಳಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು ಹೋಗಿದೆ?

ಮೂರು, ನಮ್ಮ ವಾರ್ಡಿಗೆ ಹತ್ತಿರದ ಶಾಖೆ ಯಾವುದು, ಅದು ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ತೆರೆದಿರ್ತದೆ, ಗಾಲಿಕುರ್ಚಿಯವರು ಒಳಗೆ ಹೋಗಬಹುದಾ, ಹೆಣ್ಣುಮಕ್ಕಳಿಗೆ ಶೌಚಾಲಯ ಉಂಟಾ?

ನಾಲ್ಕು, ಬಸ್ ನಿಲ್ದಾಣ ಅಥವಾ ಮಾರುಕಟ್ಟೆ ಹತ್ತಿರ ಒಂದು ಓದುವ ಕೋಣೆಗೆ ಜಾಗ ಕೊಡಲು ಪಾಲಿಕೆ ಸಿದ್ಧ ಉಂಟಾ?

ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಉಂಟು. ಅರ್ಜಿ ಶುಲ್ಕ 10 ರೂಪಾಯಿ, 30 ದಿನದ ಒಳಗೆ ಉತ್ತರ ಕೊಡಬೇಕು. ಮೊದಲ ಪ್ರಶ್ನೆ ಪಾಲಿಕೆಯ ಮಾಹಿತಿ ಅಧಿಕಾರಿಗೆ, ಎರಡನೆಯದು ನಗರ ಕೇಂದ್ರ ಗ್ರಂಥಾಲಯಕ್ಕೆ ಹಾಕಬೇಕು. ತಾಲೂಕಿನ ಪುರಸಭೆ, ಪಟ್ಟಣ ಪಂಚಾಯತ್ ವ್ಯಾಪ್ತಿಯವರೂ ಇದನ್ನೇ ಕೇಳಬಹುದು, ಅಲ್ಲಿಯೂ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಹೋಗ್ತದೆ.

ವ್ಯಾಪಾರಿಗಳಿಗೆ ಇದರಿಂದ ಏನು ಲಾಭ ಅಂತ ಕೇಳಿದರೆ ಉತ್ತರ ಸರಳ. ದಿನಾ 200 ಜನ ಬಂದು ಹೋಗುವ ಲೈಬ್ರರಿ ಪಕ್ಕದಲ್ಲಿ ಇದ್ದರೆ ಹೋಟೆಲು, ಜೆರಾಕ್ಸ್, ಸ್ಟೇಷನರಿ, ಜ್ಯೂಸ್ ಅಂಗಡಿಗೆ ಗಿರಾಕಿ ತಾನಾಗಿ ಬರ್ತಾರೆ. ಅದಕ್ಕಿಂತ ದೊಡ್ಡ ಲಾಭ, ನಮ್ಮಲ್ಲೇ ಕೆಲಸಕ್ಕಿರುವ ಹುಡುಗಿ ಸಂಜೆ ಎರಡು ಗಂಟೆ ಅಲ್ಲಿ ಕೂತು ಓದಿ ಮುಂದಿನ ವರ್ಷ ಬ್ಯಾಂಕ್ ಪರೀಕ್ಷೆ ಪಾಸಾಗಬಹುದು. ಅದಕ್ಕೆ ಬೇಕಾದ ದುಡ್ಡನ್ನು ನಾವು ಪ್ರತಿ ವರ್ಷ ಕಟ್ಟುತ್ತಲೇ ಇದ್ದೇವೆ. ಲೆಕ್ಕ ಕೇಳುವುದೊಂದು ಬಾಕಿ ಉಂಟು.